ಒತೀಲಿಯಾಳ ಅಂಗಳದ ಒಲೆ

ನಮ್ಮ ಬೀದಿಯಲ್ಲಿ ಯಾರ ಹಿತ್ತಲಿಗೆ ಹೋದರೂ ಒಂದು ಕೆಂಡದ ಒಲೆ ಕಾಣುತ್ತದೆ. ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಸಿಮೆಂಟಿನ ಹಾಸು, ಮೂರು ಕಡೆ ಗಿಡ್ಡ ಗೋಡೆ, ಮೇಲೊಂದು ಚಿಮಣಿ. ಅವುಗಳಲ್ಲಿ ಮುಕ್ಕಾಲು ಪಾಲು ಎವಾರಿಸ್ತೋ ಗೊದೊಯ್ ಕಟ್ಟಿದವು. ಈಗ ಹೊಸದಾಗಿ ಬಂದವರು ಯಾರಾದರೂ "ದೋನ್ ಎವಾರಿಸ್ತೋ, ನಮಗೂ ಒಂದು ಕಟ್ಟಿಕೊಡಿ" ಎಂದು ಮರ್ಯಾದೆಯಿಂದ ಕೇಳಿದರೆ ಅವನು ತಲೆ ಎತ್ತುವುದಿಲ್ಲ. "ಗೋಡೆ ಬೇಕಾದ್ರೆ ಹೇಳಿ, ಕಟ್ತೀನಿ. ಒಲೆ ಕಟ್ಟಲ್ಲ" ಎನ್ನುತ್ತಾನೆ. ಮುದುಕನಿಗೆ ಜಂಬ ಎಂದುಕೊಂಡು ಅವರು ಹೋಗುತ್ತಾರೆ. ನಾನು ಇಲ್ದಾ, ಅವನ ಪಕ್ಕದ ಮನೆಯವಳು. ಅವನ ಅಂಗಳಕ್ಕೂ ನನ್ನ ಅಂಗಳಕ್ಕೂ ನಡುವೆ ಇರುವುದು ಒಂದು ತಂತಿಬೇಲಿ. ಅದು ಜಂಬವಲ್ಲ ಎಂದು ನನಗೆ ಗೊತ್ತು.

ಅವನು ಹುಟ್ಟಿದ್ದು ಊರಲ್ಲಲ್ಲ, ಬಡಗಣ ಕಾಡಿನಲ್ಲಿ. ಅವನಪ್ಪ ಮುಳ್ಳುಮರ ಕಡಿದು, ಮಣ್ಣು ಮುಚ್ಚಿ, ಇದ್ದಿಲು ಸುಡುತ್ತಿದ್ದವನು. ಹೊಗೆಯಲ್ಲೇ ಬೆಳೆದ ಮಗ ನಮ್ಮ ಈ ನದೀತೀರದ ಊರು ಕೊಂಕೊರ್ದಿಯಾಕ್ಕೆ ಬಂದು ಗಾರೆ ಕೆಲಸಕ್ಕೆ ಸೇರಿದ. ಇಟ್ಟಿಗೆ ಹೊತ್ತ, ಗಾರೆ ಕಲಸಿದ, ಕರಣೆ ಹಿಡಿದ, ಮೇಸ್ತ್ರಿಯಾದ. ಆ ಕಾಲದಲ್ಲಿ ನಮ್ಮ ಬೀದಿಯವರೆಲ್ಲ ಮಾಂಸ ಸುಡುತ್ತಿದ್ದದ್ದು ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿದ ಹೋಳಿನಲ್ಲಿ. ನದಿ ಉಕ್ಕಿ ಬೀದಿಗೆ ಬಂದಾಗಲೆಲ್ಲ ಡ್ರಮ್ಮುಗಳು ತೇಲಿಕೊಂಡು ಎಲ್ಲಿಗೋ ಹೋಗುತ್ತಿದ್ದವು. ಸಿಮೆಂಟಿನ ಒಲೆ ತೇಲುವುದಿಲ್ಲ. ಎವಾರಿಸ್ತೋನ ಹೆಸರು ಬೆಳೆದದ್ದು ಹಾಗೆ.

ಅವನ ಕೆಲಸದಲ್ಲಿ ಕೆಲವು ಹಟಗಳಿದ್ದವು. ನದಿಯ ಉರುಟುಕಲ್ಲನ್ನು ಒಲೆಯ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ, ಅದು ಬೆಂಕಿಗೆ ಸಿಡಿಯುತ್ತದೆ ಎಂದು. ಜಲ್ಲಿಯ ಬದಲು ಒಡೆದ ಇಟ್ಟಿಗೆಯ ಚೂರು ಹಾಕುತ್ತಿದ್ದ. ಹಾಸು ಎರೆದ ಮೇಲೆ ಗೋಣಿಚೀಲ ಹೊದಿಸಿ ದಿನವೂ ನೀರು ಕುಡಿಸುತ್ತಿದ್ದ, ಆಮೇಲೆ ವಾರಗಟ್ಟಲೆ ಒಣಗಲು ಬಿಡುತ್ತಿದ್ದ. ಕೊನೆಗೆ ತಾನೇ ಬಂದು ಸಣ್ಣ ಸಣ್ಣ ಬೆಂಕಿ ಹಾಕುತ್ತಿದ್ದ: ಮೊದಲು ಒಂದು ಹಿಡಿ ಕಿತ್ತಳೆ ಗಿಡದ ಒಣಕಡ್ಡಿ, ಮಾರನೆಯ ದಿನ ಇನ್ನಷ್ಟು, ಹೀಗೆ ಸಿಮೆಂಟಿನ ಹೊಟ್ಟೆಯೊಳಗಿನ ನೀರೆಲ್ಲ ಹೋಗುವವರೆಗೆ. ಮನೆಯವರಿಗೆ ತಾಳ್ಮೆ ಎಲ್ಲಿರುತ್ತದೆ? ಕಟ್ಟಿದ ಭಾನುವಾರವೇ ಮಾಂಸ ತಂದಿಟ್ಟುಕೊಳ್ಳುತ್ತಾರೆ. ಅದಕ್ಕೇ ಅವನು ಮಾಂಸ ಇಡುವ ಕಬ್ಬಿಣದ ಜಾಲರಿಯನ್ನು ಹೆಗಲ ಮೇಲೆ ಹೊತ್ತು ತನ್ನ ಮನೆಗೆ ತಂದುಬಿಡುತ್ತಿದ್ದ. ಒಲೆ ಒಣಗಿತು ಎಂದು ಅವನಿಗೆ ಅನ್ನಿಸಿದ ದಿನ ಜಾಲರಿ ವಾಪಸು ಹೋಗುತ್ತಿತ್ತು. ಜನ ಬೈದುಕೊಳ್ಳುತ್ತಿದ್ದರು, ಆದರೆ ಅವನ ಒಂದು ಒಲೆಯೂ ಬಿರುಕು ಬಿಟ್ಟಿದ್ದಿಲ್ಲ.

ಜಾಲರಿ ವಾಪಸು ಹೋದ ದಿನ ಹಬ್ಬ. ಮಾಂಸ ಸುಡುವ ಮೊದಲ ಬೆಂಕಿಯನ್ನು ಒಲೆ ಕಟ್ಟಿದ ಮೇಸ್ತ್ರಿಯೇ ಹಾಕಬೇಕು, ಮೊದಲ ಮಾಂಸ ಅವನೇ ಸುಡಬೇಕು. ಹೆಂಗಸರು ಟೊಮೆಟೊ ಈರುಳ್ಳಿ ಹೆಚ್ಚಿಕೊಂಡು ದೂರ ಇರಬೇಕು. ಮಾಂಸ ಮೇಜಿಗೆ ಬಂದಾಗ ಯಾರಾದರೂ "ಸುಟ್ಟವನಿಗೊಂದು ಚಪ್ಪಾಳೆ!" ಎಂದು ಕೂಗುತ್ತಾರೆ, ಎಲ್ಲರೂ ತಟ್ಟುತ್ತಾರೆ. ಎವಾರಿಸ್ತೋ ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ನಿಂತಿರುತ್ತಿದ್ದ. ಸಂಜೆ ಮನೆಗೆ ಬರುವಾಗ ಕೈಯಲ್ಲಿ ಒಂದು ಮುಚ್ಚಿದ ತಟ್ಟೆ, ಅದರಲ್ಲಿ ಒಂದೆರಡು ಪಕ್ಕೆಲುಬು, ಅರ್ಧ ಚೊರೀಸೋ ಸಾಸೇಜು. ತಟ್ಟೆ ಹೆಂಡತಿ ಒತೀಲಿಯಾಳಿಗೆ. ಅದು ಮನೆಗೆ ಬರುವಷ್ಟರಲ್ಲಿ ಕೊಬ್ಬು ಬೆಳ್ಳಗೆ ಗಟ್ಟಿಯಾಗಿರುತ್ತಿತ್ತು.

ಒತೀಲಿಯಾ ಕಿತ್ತಳೆ ಪ್ಯಾಕಿಂಗ್ ಶೆಡ್ಡಿನಲ್ಲಿ ಹಣ್ಣು ಆರಿಸುವವಳು. ದಿನವಿಡೀ ನಿಂತು ಕಾಲು ಊದಿಸಿಕೊಂಡು ಬರುತ್ತಿದ್ದಳು. ನಾಲಿಗೆ ಮಾತ್ರ ಊದುತ್ತಿರಲಿಲ್ಲ. "ಇಡೀ ಊರಿಗೆ ಒಲೆ, ನನ್ನ ಅಂಗಳಕ್ಕೆ ಬೂದಿನೂ ಇಲ್ಲ ಕಣೇ" ಎಂದು ಬೇಲಿಯ ಮೇಲಿಂದ ನನಗೆ ಹೇಳುತ್ತಿದ್ದಳು, ಅವನಿಗೆ ಕೇಳಿಸುವ ಹಾಗೆ. ಮದುವೆಯಾದ ವರ್ಷವೇ ಅವನು ಅಂಗಳದ ಮೂಲೆಯಲ್ಲಿ ಇಟ್ಟಿಗೆ ಇಟ್ಟು ಜಾಗ ಗುರುತು ಮಾಡಿದ್ದ. ಆ ಮೂಲೆಯಲ್ಲಿ ಅವಳು ಒಂದು ಹೂಕುಂಡವನ್ನೂ ಇಡಲಿಲ್ಲ. ಈ ಕೆಲಸ ಮುಗೀಲಿ, ಚಳಿಗಾಲ ಕಳೀಲಿ, ಒಳ್ಳೆ ಮರಳು ಬರಲಿ, ಎಂದು ಅವನು ಮುಂದೂಡುತ್ತಲೇ ಹೋದ. ಕೆಟ್ಟವನಲ್ಲ. ಹೊಡೆದವನಲ್ಲ, ಕುಡಿದು ಬಿದ್ದವನಲ್ಲ. ನಾಳೆ ಅನ್ನುವುದು ಯಾವಾಗಲೂ ಇದ್ದೇ ಇರುತ್ತದೆ ಎಂದು ನಂಬಿದವನು, ಅಷ್ಟೇ. ಅಂಥವರ ಜೊತೆ ಬದುಕುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಿ. ನನ್ನ ಗಂಡನೂ ಅದೇ ಜಾತಿ. ಸತ್ತದ್ದೊಂದೇ ಅವನು ಹೊತ್ತಿಗೆ ಸರಿಯಾಗಿ ಮಾಡಿದ ಕೆಲಸ.

ಅವಳ ಹೊಟ್ಟೆಯಲ್ಲಿ ಗಂಟು ಇದೆ ಎಂದು ಗೊತ್ತಾದದ್ದು ಬೇಸಿಗೆಯ ಕೊನೆಗೆ. ಡಾಕ್ಟರು ಕೊಯ್ದು ಪ್ರಯೋಜನವಿಲ್ಲ ಎಂದರು. ಚಳಿಗಾಲ ಕಂಡರೆ ಹೆಚ್ಚು ಎಂದು ಅವನನ್ನು ಹೊರಗೆ ಕರೆದು ಹೇಳಿದರು. ಬಾಗಿಲ ಒಳಗಿನಿಂದ ಅವಳಿಗೂ ಕೇಳಿಸಿತು. ಬಸ್ಸಿನಿಂದ ಇಳಿದು ಇಬ್ಬರೂ ಮನೆಗೆ ನಡೆದು ಬರುವಾಗ ನಾನು ಬೇಲಿಯ ಹತ್ತಿರ ಬಟ್ಟೆ ಹರವುತ್ತಿದ್ದೆ. ಒತೀಲಿಯಾ ಆ ಖಾಲಿ ಮೂಲೆಯ ಮುಂದೆ ನಿಂತಳು.

"ಮುದುಕಾ," ಎಂದಳು, "ಇಲ್ಲಿ ಒಲೆ ಕಟ್ಟು. ನನ್ನ ಮನೆ ಬೆಂಕೀಲಿ ಸುಟ್ಟ ಬಿಸಿ ಮಾಂಸ ಒಂದ್ಸಲ ತಿಂತೀನಿ. ಆಮೇಲೆ ಏನಾದ್ರೂ ಆಗ್ಲಿ."

"ಕಟ್ತೀನಿ ಮುದುಕಿ."

"ಯಾವಾಗ?"

ಅವನು ಅಂಗಿ ತೋಳು ಮಡಚಿ ಗುದ್ದಲಿ ತಂದ. ನಾನು ಅವತ್ತು ಬಟ್ಟೆ ಹರವುವುದನ್ನು ಬಿಟ್ಟು ಒಳಗೆ ಹೋಗಿ ಅತ್ತೆ.

ಅಂಥ ಒಲೆಯನ್ನು ಅವನು ಯಾರಿಗೂ ಕಟ್ಟಿರಲಿಲ್ಲ. ಕಟ್ಟೆ ಅಗಲ, ಗೋಡೆ ಎತ್ತರ. ಬೇರೆಯವರಿಗೆ ನಾಲ್ಕು ಬೆರಳು ದಪ್ಪ ಎರೆಯುತ್ತಿದ್ದ ಹಾಸನ್ನು ಅವಳಿಗಾಗಿ ಗೇಣುದ್ದ ದಪ್ಪ ಎರೆದ. ಕಂಬಿ ಒತ್ತೊತ್ತಾಗಿ ಕಟ್ಟಿದ, ಸಿಮೆಂಟು ಒಂದಕ್ಕೆರಡು ಸುರಿದ, ಮೇಲ್ಮೈಯನ್ನು ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ. ಅಷ್ಟು ವರ್ಷದ ಬಾಕಿಯನ್ನೆಲ್ಲ ಒಂದೇ ಸಲ ತೀರಿಸುವವನಂತೆ ದುಡಿದ. ದಪ್ಪ ಹಾಸು ಒಣಗುವುದು ನಿಧಾನ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಕಲಸುವಾಗ ಅವನಿಗೆ ಅದು ಹೊಳೆಯಲೇ ಇಲ್ಲ. ಹೆಂಡತಿಗೆ ಕಟ್ಟುವುದು ಗಟ್ಟಿಯಾಗಿರಲಿ ಎಂಬುದೊಂದೇ ತಲೆಯಲ್ಲಿತ್ತು.

ಬೆಳಿಗ್ಗೆ ಅವಳಿಗೆ ಮಾತ್ರೆ ನುಂಗಲು ಒಂದು ಲೋಟ ನೀರು, ಹಾಸಿನ ಗೋಣಿಚೀಲಕ್ಕೆ ಒಂದು ಬಕೆಟ್ ನೀರು. ಸಂಜೆಯೂ ಹಾಗೆ. ಅವಳು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ಒಣಗ್ಬೇಕು ಅಂತೀಯ, ಮತ್ತೆ ನೀರು ಹುಯ್ತೀಯ. ಏನ್ ಕೆಲಸವೋ ನಿಂದು!"

"ಮೊದ್ಲು ಕುಡೀಬೇಕು ಕಣೇ, ಆಗ ಗಟ್ಟಿಯಾಗೋದು. ಆಮೇಲೆ ಒಣಗ್ಬೇಕು."

"ನಾನೂ ದಿನಾ ಕುಡೀತಿದೀನಿ. ಗಟ್ಟಿಯಾಗ್ತಿಲ್ಲವಲ್ಲ."

ಅವನು ನಗಲಿಲ್ಲ. ನಾನು ಬೇಲಿಯ ಈಚೆ ನಕ್ಕುಬಿಟ್ಟೆ. ಅವಳ ಮಾತೇ ಹಾಗೆ, ಎದೆ ಹಿಂಡಿದರೂ ನಗು ಬರಿಸುತ್ತಿತ್ತು.

ಗೋಣಿಚೀಲ ತೆಗೆದ ಮೇಲೆ ನದಿಯ ಮಂಜು ಶುರುವಾಯಿತು. ನಮ್ಮಲ್ಲಿ ಶರತ್ಕಾಲದಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗೇಣು ದಪ್ಪದ ಸಿಮೆಂಟು ಒಣಗುತ್ತದೆಯೇ? ಎವಾರಿಸ್ತೋ ಬೆಳಿಗ್ಗೆ ಎದ್ದವನೇ ಹಾಸಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ಕಿಟಕಿಯಿಂದ ಅವಳು "ಇವತ್ತು?" ಎನ್ನುತ್ತಿದ್ದಳು. ಅವನು ತಲೆ ಅಲ್ಲಾಡಿಸುತ್ತಿದ್ದ. ಅವಳು ದಿನದಿಂದ ದಿನಕ್ಕೆ ತೆಳ್ಳಗಾದಳು. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಸೂಪು ಬಿಟ್ಟಳು. ಕೈಬಳೆ ಜಾರುತ್ತದೆ ಎಂದು ತೆಗೆದು ನನ್ನ ಕೈಗೆ ಕೊಟ್ಟಳು.

ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವನನ್ನು ಬೇಲಿಯ ಹತ್ತಿರ ಕರೆದೆ.

"ನನ್ನ ಅಂಗಳದಲ್ಲಿ ಒಲೆ ಇಲ್ವಾ? ನೀನೇ ಕಟ್ಟಿದ್ದು. ಭಾನುವಾರ ಅವಳನ್ನ ಎತ್ಕೊಂಡು ಬಾ, ಇಲ್ಲೇ ಸುಡು."

"ಆಗ್ಲೇ ಅವಳನ್ನ ಕೇಳ್ದೆ. ಪಕ್ಕದ ಮನೇಲಿ ಕೂತು ಚಪ್ಪಾಳೆ ತಟ್ಟಿದ್ದು ಸಾಕು ಅಂದ್ಳು. ಡ್ರಮ್ ತರ್ಲಾ ಅಂದ್ರೆ, ತಂದ್ರೆ ನಿನ್ನ ಅದ್ರಲ್ಲೇ ಹಾಕ್ತೀನಿ ಅಂದ್ಳು."

"ಹಾಗಾದ್ರೆ ನಿನ್ನ ಒಲೇಲೇ ಒಂದು ಹಿಡಿ ಕೆಂಡ ಹಾಕಿ ಒಂದೇ ಒಂದು ತುಂಡು ಸುಟ್ಟುಕೊಡು. ಬಿರುಕು ಬಿಟ್ರೆ ಬಿಡ್ಲಿ ಬಿಡು!"

ಅವನು ಬೇಲಿಯ ತಂತಿಯನ್ನು ಹಿಡಿದುಕೊಂಡ. ಆಮೇಲೆ ಹೇಳಿದ: "ಇಲ್ದಾ, ಅವಳ ಹಟ ನಿನಗೆ ಗೊತ್ತು. ಆ ಒಲೇಲಿ ತಿನ್ನೋವರೆಗೆ ಅವಳು ಹೋಗಲ್ಲ. ಒಂದು ತುಂಡು ತಿಂದ್ಲು ಅಂದ್ರೆ... ಆಮೇಲೆ ಅವಳಿಗೆ ಕಾಯಕ್ಕೆ ಏನಿದೆ?"

ನನಗೆ ಮೈಯೆಲ್ಲ ಉರಿಯಿತು. ಅವನು ಒಲೆ ಒಣಗಲೆಂದು ಕಾಯುತ್ತಿರಲಿಲ್ಲ, ಒಣಗದಿರಲಿ ಎಂದು ಕಾಯುತ್ತಿದ್ದ. ಆ ಹಸಿ ಸಿಮೆಂಟಿಗೆ ಹೆಂಡತಿಯ ಉಸಿರನ್ನು ಕಟ್ಟಿಹಾಕಿದ್ದ.

"ನಿನ್ನ ತಲೇಲೂ ಸಿಮೆಂಟೇ ತುಂಬಿರೋದು ಕಣಯ್ಯ," ಎಂದು ಬೈದೆ. ಬೈದು ಮುಗಿಯುವಷ್ಟರಲ್ಲಿ ಅವನ ಮೇಲೆ ಮರುಕವೂ ಬಂತು. ಪ್ರೀತಿ ಎಂಬುದು ಗಂಡಸರಲ್ಲಿ ಇಂಥ ದಡ್ಡತನವಾಗಿಯೇ ಹೊರಗೆ ಬರುತ್ತದೆ.

ಆ ವಾರ ಅವನು ಸಣ್ಣ ಬೆಂಕಿ ಶುರುಮಾಡಿದ. ನನ್ನ ಬೈಗುಳಕ್ಕೋ, ಅವಳ ಮುಖ ನೋಡಿಯೋ ಗೊತ್ತಿಲ್ಲ. ಒಂದು ಹಿಡಿ ಕಿತ್ತಳೆ ಕಡ್ಡಿ ಇಟ್ಟು ಬೆಂಕಿಕಡ್ಡಿ ಗೀರಿದ. ಹಾಸು ಬೆವರಿತು, ಅಂಚಿನಿಂದ ನೀರಿನ ಹನಿ ಇಳಿಯಿತು. ಒತೀಲಿಯಾ ಕುರ್ಚಿಯನ್ನು ಹತ್ತಿರ ಎಳೆಸಿಕೊಂಡು ಎರಡೂ ಕೈ ಚಾಚಿ ಕಾಯಿಸಿಕೊಂಡಳು. ಕಡ್ಡಿ ಉರಿದು ಬೂದಿಯಾಯಿತು.

"ಇಷ್ಟೇನಾ?"

"ಇವತ್ತಿಗೆ ಇಷ್ಟೇ. ಒಳಗಿನ್ನೂ ನೀರಿದೆ. ಜೋರು ಬೆಂಕಿ ಕೊಟ್ರೆ ಸಿಡಿಯುತ್ತೆ."

"ಜಾಲರಿ ಎಲ್ಲಿ?"

"ಕಮ್ಮಾರನ ಹತ್ರ ಇದೆ. ತರ್ತೀನಿ, ಹೊತ್ತಾಗ್ಲಿ."

ಅವಳು ಅವನ ಮುಖವನ್ನೇ ನೋಡಿದಳು. ಗಿರಾಕಿಗಳಿಗೆ ಮಾಡುವ ಉಪಾಯವನ್ನೇ ತನಗೂ ಮಾಡುತ್ತಿದ್ದಾನೆ ಎಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಅವಳು ಸುಮ್ಮನಾದದ್ದನ್ನು ಕಂಡು ನನಗೆ ಭಯವಾಯಿತು.

ಭಾನುವಾರ ಬಂತು. ರೈಲು ಹಳಿಯ ಆಚೆ ಒಬ್ಬ ಬೇಕರಿಯವನಿಗೆ ಎವಾರಿಸ್ತೋ ಬೇಸಿಗೆಯಲ್ಲೇ ಒಲೆ ಕಟ್ಟಿದ್ದ. ಅದು ಒಣಗಿ ತಯಾರಾಗಿತ್ತು, ಅವತ್ತು ಅದರ ಮೊದಲ ಬೆಂಕಿ. ಮೇಸ್ತ್ರಿ ಇಲ್ಲದೆ ಮೊದಲ ಬೆಂಕಿ ಹಾಕಿದರೆ ಮನೆಗೆ ಒಳ್ಳೆಯದಲ್ಲ ಎಂದು ನಮ್ಮವರು ನಂಬುತ್ತಾರೆ, ಬೇಕರಿಯವನು ಎರಡು ಸಲ ಹೇಳಿಕಳಿಸಿದ್ದ. ಎವಾರಿಸ್ತೋ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ.

"ಹೋಗು ಮುದುಕಾ," ಎಂದಳು ಒತೀಲಿಯಾ. "ಜನ ಕಾಯ್ತಿರ್ತಾರೆ."

"ಬೇಗ ಬರ್ತೀನಿ. ನಿನಗೆ ತಟ್ಟೆ ತರ್ತೀನಿ."

ಅದನ್ನು ಅವನು ಹೇಳಬಾರದಿತ್ತು. ಬೇರೆ ಏನು ಹೇಳಿದ್ದರೂ ಆಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಬೇಲಿಯಾಚೆಯಿಂದ ಹೊಗೆ ಬಂತು, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುವ ವಾಸನೆ ಬಂತು. ಅಂತೂ ಮುದುಕ ಹೋಗದೆ ಮನೆಯಲ್ಲೇ ಉಳಿದು ಬೆಂಕಿ ಹಾಕಿದನಲ್ಲ ಎಂದು ನನಗೆ ಖುಷಿಯೋ ಖುಷಿ. ಟೊಮೆಟೊ ಈರುಳ್ಳಿ ಹೆಚ್ಚಿ, ಎಣ್ಣೆ ಉಪ್ಪು ಹಾಕಿ, ಬಟ್ಟಲು ಹಿಡಿದುಕೊಂಡು ಹೋದೆ. ಅಂಗಳದಲ್ಲಿ ಎವಾರಿಸ್ತೋ ಇರಲಿಲ್ಲ. ನೈಲಾನ್ ನೈಟಿಯ ಮೇಲೆ ಗಂಡನ ಉಣ್ಣೆ ಸ್ವೆಟರ್ ಹಾಕಿಕೊಂಡು ಒತೀಲಿಯಾ ಒಲೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದಳು. ಇದ್ದಿಲಿನ ಚೀಲವನ್ನು ಅಷ್ಟು ದೂರ ಹೇಗೆ ಎಳೆದಳೋ, ಅಂಗಳದ ಉದ್ದಕ್ಕೂ ಕಪ್ಪು ಗೆರೆ ಬಿದ್ದಿತ್ತು. ಇಡೀ ಚೀಲ ಸುರಿದುಬಿಟ್ಟಿದ್ದಳು. ಅಡುಗೆಮನೆಯ ಗ್ಯಾಸ್ ಓವನ್ನಿನ ಜಾಲರಿಯನ್ನು ಎರಡು ಇಟ್ಟಿಗೆಯ ಮೇಲೆ ಇಟ್ಟು, ಅದರ ಮೇಲೆ ಪಕ್ಕೆಲುಬಿನ ಒಂದು ಪಟ್ಟಿ ಇಟ್ಟಿದ್ದಳು. ಒಂದು ಕೈಯಲ್ಲಿ ರಟ್ಟಿನ ತುಂಡು ಹಿಡಿದು ಗಾಳಿ ಹಾಕುತ್ತಿದ್ದಳು. ಮುಖ ಕೆಂಪಗಾಗಿತ್ತು, ಎಷ್ಟೋ ತಿಂಗಳ ಮೇಲೆ ಅದರಲ್ಲಿ ರಕ್ತ ಕಂಡಿತು.

"ಅಯ್ಯೋ, ಏನ್ ಮಾಡಿದೀಯೇ! ಅವನು ಬಂದ್ರೆ ಕೊಂದೇಬಿಡ್ತಾನೆ!"

"ಕೊಲ್ಲಕ್ಕೆ ಸರದಿಯಲ್ಲಿ ನಿಂತ್ಕೋಬೇಕು ಅವನು," ಎಂದು ನಕ್ಕಳು. "ಬಟ್ಟಲು ಅಲ್ಲಿಟ್ಟು ಕೂತ್ಕೋ. ಸುಡೋಳು ನಾನು, ನೀನು ಹತ್ರ ಬರ್ಬೇಡ. ಇದೇ ನಿಯಮ ಅಲ್ವಾ?"

"ಬಾರೇ ಈಚೆ. ಸಿಡಿಯುತ್ತೆ ಅಂದಿಲ್ವಾ ಅವನು?"

"ಅಂದ. ಅವನಿಗೆ ಒಲೆ ಉಳೀಬೇಕು. ನನಗೆ ಬೆಂಕಿ ಬೇಕು."

ಅವಳು ಫೋರ್ಕಿನಿಂದ ಪಕ್ಕೆಲುಬನ್ನು ತಿರುವಿ ಹಾಕಿದಳು. ಕೆಳಗಿನ ಬದಿ ಹದವಾಗಿ ಕೆಂಪಗಾಗಿತ್ತು. "ನೋಡಿದ್ಯಾ?" ಎನ್ನುವಂತೆ ನನ್ನ ಕಡೆ ತಿರುಗಿದಳು. ಆಗ ಒಲೆಯೊಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬಂತು. ನಾನು ಅವಳ ಕೈ ಹಿಡಿದು ಎಳೆಯಲು ಹೋದೆ. ಅಷ್ಟರಲ್ಲಿ ಹಾಸು ಸಿಡಿಯಿತು.

ಆ ಸದ್ದನ್ನು ಹೇಗೆ ಹೇಳಲಿ. ತಟ್ಟೆಯಷ್ಟಗಲದ ಸಿಮೆಂಟಿನ ಚಕ್ಕೆಗಳು ಎದ್ದವು, ಕೆಂಡವೆಲ್ಲ ಅವಳ ಮಡಿಲಿಗೆ ಬಂತು. ನೈಲಾನ್ ನೈಟಿ ಒಂದೇ ಕ್ಷಣದಲ್ಲಿ ಮೈಗೆ ಅಂಟಿಕೊಂಡು ಉರಿಯಿತು. ಗೋಣಿಚೀಲ ನೆನೆಸುತ್ತಿದ್ದ ಬಕೆಟ್ಟಿನಲ್ಲಿ ಹಳೆಯ ನೀರಿತ್ತು, ಅದನ್ನೇ ಎತ್ತಿ ಸುರಿದೆ. ಕೂಗಿದೆ. ಬೀದಿಯವರೆಲ್ಲ ಬಂದರು. ಆಂಬ್ಯುಲೆನ್ಸಿನಲ್ಲಿ ಅವಳನ್ನು ಮಲಗಿಸಿದಾಗಲೂ ಅವಳ ಕೈಯಿಂದ ಫೋರ್ಕನ್ನು ಬಿಡಿಸಲಾಗಲಿಲ್ಲ.

ಎವಾರಿಸ್ತೋ ಓಡಿ ಬಂದಾಗ ಅಂಗಳದಲ್ಲಿ ನಾನೊಬ್ಬಳೇ ಇದ್ದೆ. ಕೈಯಲ್ಲಿ ಮುಚ್ಚಿದ ತಟ್ಟೆ ಇತ್ತು, ಯಾರೋ ದಾರಿಯಲ್ಲಿ ಸುದ್ದಿ ಹೇಳಿದಾಗಲೂ ಅದನ್ನು ಬಿಸಾಡಲು ಅವನಿಗೆ ತೋಚಿರಲಿಲ್ಲ. ನಡುವೆ ಹೊಂಡ ಬಿದ್ದ ಹಾಸನ್ನು ನೋಡಿದ. ಒಳಗಿನ ಸಿಮೆಂಟು ಇನ್ನೂ ಹಸಿಯಾಗಿ ಕಪ್ಪಗಿತ್ತು. ಮುರಿದ ಅಂಚಿನ ಮೇಲೆ ಗೇಣಿಟ್ಟು ಅಳೆದ. "ತೆಳ್ಳಗೆ ಎರೆದಿದ್ರೆ ಇಷ್ಟೊತ್ತಿಗೆ ಒಣಗಿರೋದು," ಎಂದ. ಅದನ್ನೇ ಮತ್ತೆ ಮತ್ತೆ ಹೇಳಿದ. ನಾನು ತೋಳು ಹಿಡಿದು ಅಲ್ಲಾಡಿಸಿದ ಮೇಲೆ ಸುಮ್ಮನಾದ. ಆಮೇಲೆ ನೆಲದ ಮೇಲೆ ಬಿದ್ದಿದ್ದ ಪಕ್ಕೆಲುಬನ್ನು ಎತ್ತಿದ, ಬೇಕರಿಯವನ ಮಾಂಸವನ್ನು ಬೀದಿನಾಯಿಗೆ ಹಾಕಿ, ಅದೇ ತಟ್ಟೆಯಲ್ಲಿ ಇದನ್ನಿಟ್ಟು ಮುಚ್ಚಿದ.

ಆಸ್ಪತ್ರೆಯಲ್ಲಿ ಅವಳು ಕತ್ತಿನಿಂದ ತೊಡೆಯವರೆಗೆ ಬಿಳಿ ಬಟ್ಟೆಯಲ್ಲಿದ್ದಳು. ಮಾತಾಡಬೇಡಿ ಎಂದಿದ್ದರು, ಅವಳು ಯಾರ ಮಾತು ಕೇಳಿದವಳು? ಅವನು ಮಂಚದ ಪಕ್ಕ ಕೂತು ತಟ್ಟೆಯ ಮುಚ್ಚಳ ತೆಗೆದ. ಮಾಂಸ ತಣ್ಣಗಾಗಿ ಕೊಬ್ಬು ಬೆಳ್ಳಗಾಗಿತ್ತು, ಮೇಲೆ ಸಿಮೆಂಟಿನ ಪುಡಿ. ಅವಳು ತಿನ್ನುವ ಸ್ಥಿತಿಯಲ್ಲಿರಲಿಲ್ಲ. ಅವನು ತಿಂದ. ಅವಳು ನೋಡುತ್ತಿದ್ದಂತೆ ಒಂದೊಂದೇ ತುಂಡು ಕಿತ್ತು, ಹಲ್ಲಿನಲ್ಲಿ ಮರಳು ಕರಕರ ಎನ್ನುತ್ತಿದ್ದರೂ ನಿಲ್ಲಿಸದೆ, ಎಲುಬು ಬರಿದಾಗುವವರೆಗೆ ತಿಂದ.

"ಉಪ್ಪು?" ಎಂದಳು.

"ಸರಿಯಾಗಿತ್ತು."

"ಬೆಂದಿತ್ತಾ?"

"ಹದವಾಗಿತ್ತು ಮುದುಕಿ. ನಾನೂ ಇಷ್ಟು ಚೆನ್ನಾಗಿ ಸುಡ್ತಿರ್ಲಿಲ್ಲ."

ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮತ್ತೆ ತೆರೆದಳು. "ಮತ್ತೆ, ಚಪ್ಪಾಳೆ?"

ಅವನು ಸುತ್ತ ನೋಡಿದ. ವಾರ್ಡಿನಲ್ಲಿ ಬೇರೆ ರೋಗಿಗಳು ಮಲಗಿದ್ದರು, ನರ್ಸ್ ಬಾಗಿಲಲ್ಲಿದ್ದಳು. ಅವನಿಗೆ ನಾಚಿಕೆಯಾಯಿತು.

"ಮನೆಗೆ ಬಾ," ಎಂದ. "ಮನೇಲಿ ತಟ್ತೀನಿ."

ನಾನು ಅಲ್ಲೇ ನಿಂತಿದ್ದೆ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಒತೀಲಿಯಾ ಮಾತ್ರ ಅವನ ಕಡೆ ನೋಡಿ, ಇಷ್ಟು ವರ್ಷ ಕೇಳಿಸಿಕೊಂಡ ಮಾತನ್ನೇ ಇನ್ನೊಮ್ಮೆ ಕೇಳಿಸಿಕೊಂಡವಳಂತೆ, ಗೋಡೆಯ ಕಡೆ ಮುಖ ತಿರುಗಿಸಿದಳು. ಆ ವಾರ ದಾಟಲಿಲ್ಲ ಅವಳು.

ನಮ್ಮ ಸ್ಮಶಾನದಲ್ಲಿ ಬಡವರ ಪೆಟ್ಟಿಗೆಯನ್ನು ಗೋಡೆಯ ಗೂಡಿನೊಳಗೆ ತಳ್ಳಿ, ಇಟ್ಟಿಗೆ ಇಟ್ಟು, ಗಾರೆ ಮೆತ್ತಿ ಮುಚ್ಚುತ್ತಾರೆ. ಪಾದ್ರಿ ಪ್ರಾರ್ಥನೆ ಮುಗಿಸಿದರು. ಸ್ಮಶಾನದ ಗಾರೆಯವನು ಗಾರೆ ತುಂಬಿದ ಬಾಣಲಿ ಹಿಡಿದು ಮುಂದೆ ಬಂದಾಗ ಎವಾರಿಸ್ತೋ ಅವನ ಕೈಯಿಂದ ಕರಣೆ ತೆಗೆದುಕೊಂಡ. ಒಂದೊಂದೇ ಇಟ್ಟಿಗೆ ಇಟ್ಟ, ಸಂದು ತುಂಬಿದ. ಈ ಸಲ ಗಾರೆಯನ್ನು ತೆಳ್ಳಗೆ ಬಳಿದ. ಕರಣೆ ವಾಪಸು ಕೊಟ್ಟು ಗೂಡಿನ ಮುಂದೆ ನಿಂತ. ಅವನು ಅಳುತ್ತಾನೆ ಎಂದು ಎಲ್ಲರೂ ಅಂದುಕೊಂಡೆವು.

"ಸುಟ್ಟವಳಿಗೊಂದು ಚಪ್ಪಾಳೆ," ಎಂದ. ಹತ್ತಿರ ನಿಂತವರಿಗೆ ಮಾತ್ರ ಕೇಳಿಸಿತು. ಗಾರೆ ಮೆತ್ತಿದ ಕೈಯಲ್ಲೇ ತಟ್ಟಲು ಶುರುಮಾಡಿದ. ಬೇಕರಿಯವನು ತಟ್ಟಿದ, ಶೆಡ್ಡಿನ ಹೆಂಗಸರು ತಟ್ಟಿದರು. ನಾನೂ ಕೈ ಎತ್ತಿದೆ. ಅವಳ ಬಳೆ ನನ್ನ ಕೈಯಲ್ಲಿತ್ತು, ತಟ್ಟಿದಷ್ಟೂ ಸದ್ದು ಮಾಡಿತು. ಎಲ್ಲರೂ ನಿಲ್ಲಿಸಿದ ಮೇಲೂ ಅವನು ತಟ್ಟುತ್ತಲೇ ಇದ್ದ. ಗೂಡಿನ ಮೇಲಿನ ಗಾರೆ ಇನ್ನೂ ಹಸಿಯಾಗಿತ್ತು.